‘ಕಡಲು’ ಆದಮೇಲೆ

“ಮಾವಾ, ಸ್ಕ್ರೀನಲ್ಲಿ ಮತ್ತೆ ಕೆಂಪು ಅಕ್ಷರ!”

ಕಂಪ್ಯೂಟರ್ ರಿಪೇರಿ ಮಾಡುವ ಮಾವ ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದ. ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಮುಖ ಊದಿಸಿಕೊಂಡು ಸಾಸಿವೆ ಕೂತಿದ್ದಳು. ಹುಟ್ಟಿದಾಗ ಸಾಸಿವೆ ಕಾಳಿನಷ್ಟೇ ಇದ್ದಳಂತೆ, ಅದಕ್ಕೇ ಅಮ್ಮ ಅವಳನ್ನು ಹಾಗೆ ಕರೆದದ್ದು.

“ಕಂಪೈಲ್ ಆಯ್ತು ಅಂದ್ಯಲ್ಲೇ?”

“ಅದಾಯ್ತು. ಪ್ಯಾಕೇಜೂ ಆಯ್ತು. ಇನ್‌ಸ್ಟಾಲ್ ಮಾಡಿದ್ರೆ ಮೊಂಡು ಹಿಡೀತಿದೆ.”

ಈ ಕಂಪ್ಯೂಟರ್ ಆಟ ಬರೆದದ್ದು ಅಮ್ಮ. ಒಬ್ಬರು ಒಂದು ಪದ ಹಾಕಬೇಕು, ಅದರ ಕೊನೆಯ ಅಕ್ಷರ ಹಿಡಿದು ಇನ್ನೊಬ್ಬರು ಮತ್ತೊಂದು ಹಾಕಬೇಕು. ಅಮ್ಮನಿಗೆ ಹಡಗಿನ ಎಂಜಿನ್ ನೋಡಿಕೊಳ್ಳುವ ಕೆಲಸ. ಹೊರಡುವ ದಿನ ‘ಕಡಲು’ ಎಂದು ಒತ್ತಿ, ಬ್ಯಾಗು ಹೆಗಲಿಗೇರಿಸಿದ್ದಳು. ಸಾಸಿವೆ ‘ಲ’ಕ್ಕೆ ಪದ ಹುಡುಕುವಷ್ಟರಲ್ಲಿ ಟ್ಯಾಕ್ಸಿ ಹೊರಟೇ ಹೋಗಿತ್ತು.

ಅದಾಗಿ ಮೂರು ತಿಂಗಳು.

ನಿಂತ ಆಟ ನಿಂತಲ್ಲಿಂದಲೇ ಶುರುವಾಗುವಂತೆ ಸಾಸಿವೆ ಮಾವನನ್ನು ಕೇಳಿ ಕೇಳಿ ಕೋಡ್ ತಿದ್ದಿದ್ದಳು. ಇವತ್ತು ಐದಕ್ಕೆ ಹಡಗು ಬಂದರು ಸೇರುತ್ತದೆ. ಅಮ್ಮನಿಗೆ ನೆಟ್ ಸಿಗುವುದು ಒಂದೇ ಗಂಟೆ. ಅಷ್ಟರಲ್ಲಿ ಎಲ್ಲವನ್ನೂ ಒಂದೇ ಪ್ಯಾಕೇಜಾಗಿ ಕಟ್ಟಿ ಕಳಿಸಬೇಕು.

ಮಾವ ಬಗ್ಗಿ ಓದಿದ. “‘ಇದಕ್ಕೆ ಅಮ್ಮ ಬೇಕು. ಅಮ್ಮ ಈ ಕಂಪ್ಯೂಟರಿನಲ್ಲಿ ಇಲ್ಲ.’ ಏನೇ ಇದು?”

“ಈ ಪ್ರೋಗ್ರಾಮ್ ನಡೆಯೋಕೆ ಏನೇನು ಬೇಕು ಅಂತ ಫೈಲಲ್ಲಿ ಕೇಳಿತ್ತು. ಬರೆದೆ.”

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಯ್ಯೋ ಬೃಹಸ್ಪತಿ! ಅಲ್ಲಿ ಬೇರೆ ಪ್ರೋಗ್ರಾಮ್‌ಗಳ ಹೆಸರು ಬರೀಬೇಕು ಕಣೇ, ಮನುಷ್ಯರದ್ದಲ್ಲ!”

“ಇಬ್ಬರಾಡೋ ಆಟ ಅಲ್ವಾ? ಹಡಗಲ್ಲಿ ತೊಂದರೆ ಇಲ್ಲ ಬಿಡು, ಅಲ್ಲಿ ಅಮ್ಮ ಇದ್ದಾಳೆ. ಇಲ್ಲೇ ಇಲ್ದಿರೋದು.”

ಮಾವನ ನಗು ಅರ್ಧಕ್ಕೇ ನಿಂತಿತು. ಪಕ್ಕದಲ್ಲಿ ಬಂದು ಕೂತ.

“ಓಪನ್ ಆಗೋಕೆ ಏನು ಬೇಕೋ ಅಷ್ಟೇ ಬರಿ, ಸಾಸಿವೆ. ಆಡೋಕೆ ಯಾರು ಬೇಕು ಅನ್ನೋದು ಇದಕ್ಕೆ ಗೊತ್ತಾಗಲ್ಲ.”

‘ಅಮ್ಮ’ ಅಂದರೆ ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಅಳಿಸಲು ಬೆರಳೇ ಬರಲಿಲ್ಲ. ಗೋಡೆ ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ಒಂದೊಂದಾಗಿ ಅಳಿಸಿದಳು.

ಈ ಸಲ ಆಟ ತೆರೆಯಿತು. ‘ಕಡಲು’ ಅಲ್ಲೇ ಕಾಯುತ್ತಿತ್ತು.

ಅಡುಗೆಮನೆಯ ಕಟ್ಟೆಯ ಮೇಲೆ ಮೂರು ತಿಂಗಳಿಂದ ಬೋರಲಾಗಿಯೇ ಇರುವ ಅಮ್ಮನ ಲೋಟ ನೆನಪಾಯಿತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಸಾಸಿವೆ ‘ಲೋಟ’ ಎಂದು ಒತ್ತಿದಳು. ಅದನ್ನೂ ಸೇರಿಸಿ ಪ್ಯಾಕೇಜನ್ನು ಇನ್ನೊಮ್ಮೆ ಕಟ್ಟಿ, ಮೇಲ್ ಕಳಿಸಿದಳು.

“ಟೊಮೇಟೊ!” ಎಂದ ಮಾವ.

“ಮಾವಾ! ನಿನ್ನ ಸರದಿ ಅಲ್ಲ.”

“ಪಾಪ, ಅಕ್ಕನಿಗೆ ‘ಟ’ ಕೊಟ್ಟಿದ್ದೀಯ. ಬೇಗ ಹೊಳೆಯೋ ಅಕ್ಷರ ಕೊಡಬಾರದಿತ್ತಾ?”

ಸಾಸಿವೆ ತಲೆಯಾಡಿಸಿದಳು. “ಬೇಡ. ಹೊಳೆಯೋವರೆಗೂ ಅವಳು ಆಟದಲ್ಲೇ ಇರ್ತಾಳೆ.”

ಪರದೆಯ ಮೂಲೆಯಲ್ಲಿ ‘ಸರದಿ: ಅಮ್ಮ’ ಎಂದು ಮಿನುಗುತ್ತಿತ್ತು. ಮನೆಗೆ ಹೊರಟಾಗ ಅವಳು ಆಟವನ್ನು ಮುಚ್ಚಲಿಲ್ಲ.