ಘಟ್ಟದ ಕೆಳಗಿನ ಬಿಸಿಲಿಗೆ ಎರಡು ಸೈಕಲ್ಲು

"ನಂದಿ ಬೆಟ್ಟಕ್ಕೇ ಹೋಗೋಣ ಕಣೋ!" ಅಂತ ರಾಮಾಂಜಿ ಸೈಕಲ್ ಅಂಗಡಿಯ ಬೆಂಚು ಹತ್ತಿ ನಿಂತ. "ನಾನೊಬ್ಬನೇ ತುದಿವರೆಗೂ ತುಳೀತೀನಿ. ನೀನು ಕ್ಯಾರಿಯರ್ ಮೇಲೆ ಕೂತ್ಕೊಂಡು ಕಡಲೇಕಾಯಿ ತಿನ್ತಾ ಇರು."

"ಬೇಡ," ಅಂದ ಗಫಾರ್. ಅವನು ಪಂಕ್ಚರ್ ಆದ ಟ್ಯೂಬನ್ನ ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಬರುತ್ತೆ ಅಂತ ನೋಡ್ತಿದ್ದ. "ಬೆಟ್ಟದ ಮೇಲೆ ಚಳಿ. ಚಳಿ ಅಂದ್ರೆ ನಂಗಾಗಲ್ಲ. ಘಟ್ಟದ ಕೆಳಕ್ಕೆ ಹೋಗೋಣ. ಅಲ್ಲಿ ಬಿಸಿಲಿರುತ್ತೆ."

"ಥೂ ಪುಕ್ಕಲ! ಚಳಿಗೆ ಹೆದರ್ತಾನೆ!"

"ಹೂಂ, ಹೆದರ್ತೀನಿ. ಏನೀಗ?"

ಗಫಾರ್ ಹೆದರಿದರೂ ತಪ್ಪಿರಲಿಲ್ಲ. ಆ ವರ್ಷ ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಬಿದ್ದ ಚಳಿ ಅಂಥಿಂಥದ್ದಲ್ಲ. ಬೆಳಗಿನ ಜಾವ ಕೋಳಿ ಕೂಗಿದರೆ ಆ ಕೂಗು ಗಾಳಿಯಲ್ಲೇ ಹೆಪ್ಪುಗಟ್ಟಿ, ಬಿಸಿಲು ಬಿದ್ದ ಮೇಲೆ ಕರಗಿ ಕಿವಿಗೆ ಬೀಳ್ತಿತ್ತು. ಎಮ್ಮೆ ಕರೆಯಲು ಕೂತರೆ ಚೊಂಬಿಗೆ ಹಾಲಿನ ಬದಲು ಗಟ್ಟಿ ಮೊಸರೇ ಬೀಳ್ತಿತ್ತು. ರೇಷ್ಮೆಗೂಡು ಬೇಯಿಸುವ ಒಲೆಗಳ ಮುಂದೆ ಜಾಗ ಹಿಡಿಯೋದಕ್ಕೆ ಜನ ಹಿಂದಿನ ದಿನವೇ ಟವಲ್ ಹಾಸಿ ಹೋಗ್ತಿದ್ದರು. ಇದನ್ನ ನಂಬದವರು ಇದ್ದಾರೆ. ಪಾಪ, ಅವರು ಆ ವರ್ಷ ಹುಟ್ಟಿರಲಿಲ್ಲ, ಅಷ್ಟೇ.

ಅದು ಯುದ್ಧದ ಕಾಲ. ಇದ್ದ ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ, ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಹೊಗೆ ಬಿಡ್ತಾ ಓಡಾಡ್ತಿದ್ದವು. ಯಾವ ಬಸ್ಸು ಎಲ್ಲಿ ನಿಲ್ಲುತ್ತೋ ದೇವರಿಗೇ ಗೊತ್ತು. ಅದಕ್ಕೇ ಗಫಾರನ ಅಣ್ಣ, ಸೈಕಲ್ ಅಂಗಡಿಯ ನೂರ್ ಅಹಮದ್, ಕ್ರಿಸ್‌ಮಸ್ ರಜದಲ್ಲಿ ಸೈಕಲ್ ಮೇಲೇ ಟೂರ್ ಹೊರಡೋ ಪ್ಲಾನ್ ಹಾಕಿದ್ದ. ಎಲ್ಲಿಗೆ ಅಂತ ಹುಡುಗರು ಕಿತ್ತಾಡಿ ಕಿತ್ತಾಡಿ ಕೊನೆಗೆ ಗಫಾರನೇ ಗೆದ್ದ. ಘಟ್ಟದ ಕೆಳಗೆ ಚಿತ್ತೂರು. ಅಲ್ಲಿ ಗಫಾರನ ಚಿಕ್ಕಮ್ಮ ಬಶೀರುನ್ನೀಸಾ ಇದ್ದರು. ಡಿಸೆಂಬರಿನಲ್ಲೂ ಅಂಗಳದಲ್ಲಿ ಹೊದಿಕೆ ಇಲ್ಲದೆ ಮಲಗಬಹುದು ಅಂತ ಅವರು ಕಾಗದ ಬರೆದಿದ್ದರು.

ಎರಡು ಸೈಕಲ್ಲು. ಒಂದು ನೂರ್ ಅಹಮದನದು. ಇನ್ನೊಂದು ಈ ಇಬ್ಬರಿಗೂ ಸೇರಿ.

ಆದರೆ ರಾಮಾಂಜಿಯ ಹತ್ತಿರ ಒಂದು ಗುಟ್ಟಿತ್ತು. ಚಳಿ ಬಂತು ಅಂದರೆ ಅವನಿಗೆ ಉಬ್ಬಸ. ಓಡಿದರೆ, ಏರು ಹತ್ತಿದರೆ ಎದೆಯೊಳಗೆ ಬೆಕ್ಕಿನ ಮರಿಗಳು ಕೂತು ಕೂಗಿದ ಹಾಗೆ 'ಸುಯ್ಯ್ ಸುಯ್ಯ್' ಅಂತಿತ್ತು. ಅಮ್ಮ ಮುನಿಲಕ್ಷ್ಮಮ್ಮ ದಿನಾ ಎದೆಗೆ ಕರ್ಪೂರದ ಎಣ್ಣೆ ತಿಕ್ಕಿ ಸ್ಕೂಲಿಗೆ ಕಳಿಸ್ತಿದ್ದಳು. "ಏನೋ ಇದು, ಗುಡಿ ವಾಸನೆ?" ಅಂತ ಕ್ಲಾಸಿನವರು ಕೇಳಿದರೆ, "ನಾನು ಬೆಳಗ್ಗೆ ನಾಲ್ಕಕ್ಕೇ ಎದ್ದು ಏಳು ದೇವಸ್ಥಾನ ಸುತ್ತಿ ಬರ್ತೀನಿ" ಅಂತಿದ್ದ ರಾಮಾಂಜಿ. ಊರಲ್ಲಿ ಅಷ್ಟು ದೇವಸ್ಥಾನ ಎಲ್ಲಿವೆ ಅಂತ ಯಾರೂ ಎಣಿಸೋಕೆ ಹೋಗಲಿಲ್ಲ.

ಟೂರಿನ ಮಾತು ಬಂದಾಗ ಅಮ್ಮ ಹೇಳಿದ್ದಳು, "ನೂರ್ ಅಹಮದ್‌ಗೆ ನಿನ್ನ ಉಬ್ಬಸದ ವಿಷಯ ಹೇಳು. ತಿಳಿದೂ ಅವರು ಕರ್ಕೊಂಡು ಹೋಗ್ತೀನಿ ಅಂದ್ರೆ ಹೋಗು."

"ಹೇಳಾಯ್ತಮ್ಮ," ಅಂದಿದ್ದ ರಾಮಾಂಜಿ. ಹೇಳಿರಲಿಲ್ಲ. ಹೇಳಿದರೆ ಬಿಟ್ಟು ಹೋಗ್ತಾರಲ್ಲ!

ಹೊರಡೋದಕ್ಕೆ ಒಂದು ವಾರ ಇದೆ ಅನ್ನುವಾಗ ನೂರ್ ಅಹಮದ್ ಇಬ್ಬರನ್ನೂ ಕರೆದ. "ಭಾನುವಾರ ದೇವನಹಳ್ಳಿ ಕೋಟೆ ಬಾಗಿಲು ಮುಟ್ಟಿ ವಾಪಸ್ ಬನ್ನಿ. ಇಬ್ಬರೂ ಸರದಿ ಮೇಲೆ ತುಳೀಬೇಕು. ಸುಸ್ತಾಗೋರು, ಅಳೋರು ನನ್ನ ಜೊತೆ ಬರೋದು ಬೇಡ. ಚಿತ್ತೂರು ಇಲ್ಲೇ ಪಕ್ಕದ ಬೀದಿ ಅಲ್ಲ."

"ದೇವನಹಳ್ಳಿ ಏನು ಭಾಯಿ, ಉಸಿರು ತಗೊಳ್ದೆ ಹೋಗಿ ಬರ್ತೀನಿ!" ಅಂದ ರಾಮಾಂಜಿ.

ಗಫಾರ್ ಅವನ ಮುಖ ನೋಡಿದ.

ಭಾನುವಾರ ಮಂಜು ಇನ್ನೂ ಸರಿದಿರಲಿಲ್ಲ. ಮೊದಲು ಗಫಾರ್ ತುಳಿದ. ಅವನ ಕಾಲು ಸೀಟಿನಿಂದ ಪೆಡಲಿಗೆ ಎಟುಕುತ್ತಿರಲಿಲ್ಲ, ಆದರೂ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲಿನಲ್ಲೇ ಕುದುರೆ ಓಡಿಸಿದ ಹಾಗೆ ಓಡಿಸಿದ. ಆಮೇಲೆ ರಾಮಾಂಜಿಯ ಸರದಿ. ಮಟ್ಟಸ ದಾರಿಯಲ್ಲಿ ಅವನು ಎಷ್ಟು ಜೋರಾಗಿ ಹೋದ ಅಂದರೆ, ಅವನ ನೆರಳು ಹಿಂದೆ ಬಿದ್ದು ಮುಕ್ಕಾಲು ಮೈಲಿ ಆದಮೇಲೆ ಬಂದು ಸೇರಿಕೊಂಡಿತು.

ಅಲ್ಲಿಗೆ ಏರು ಬಂತು.

ಅರ್ಧ ಏರು ಹತ್ತುವಷ್ಟರಲ್ಲಿ ಎದೆಯೊಳಗಿನ ಬೆಕ್ಕಿನ ಮರಿಗಳು ಎದ್ದವು. ಸುಯ್ಯ್. ಸುಯ್ಯ್. ರಾಮಾಂಜಿ ಸರಕ್ಕನೆ ಕೆಳಗಿಳಿದ. ಮುಖ ಆ ಕಡೆ ತಿರುಗಿಸಿ, "ಚೈನ್... ಬಿಟ್ಟೋಯ್ತು... ಕಣೋ," ಅಂದ.

ಗಫಾರ್ ಕ್ಯಾರಿಯರಿನಿಂದ ಹಾರಿ, ಸೈಕಲ್ ಪಕ್ಕ ಕುಕ್ಕರಗಾಲಲ್ಲಿ ಕೂತ. ಚೈನು ಮದುಮಗಳ ಕೊರಳಿನ ಸರದ ಹಾಗೆ ನೆಟ್ಟಗೆ ಕೂತಿತ್ತು. ಕೆಟ್ಟೆ, ಸಿಕ್ಕಿಬಿದ್ದೆ ಅಂದುಕೊಂಡ ರಾಮಾಂಜಿ.

"ಹೌದಲ್ಲ, ಬಿಟ್ಟಿದೆ," ಅಂದ ಗಫಾರ್. "ಕೂತ್ಕೊ. ಇದು ಬೇಗ ಆಗೋ ಕೆಲಸ ಅಲ್ಲ."

ರಾಮಾಂಜಿ ಹೊಂಗೆ ಮರಕ್ಕೆ ಒರಗಿ ಕೂತ. ಗಫಾರ್ ಪೆಡಲನ್ನ ಹಿಂದಕ್ಕೆ ತಿರುಗಿಸಿದ, ಮುಂದಕ್ಕೆ ತಿರುಗಿಸಿದ. ಕಡ್ಡಿ ಹುಡುಕಿ ತಂದು ಚೈನಿನ ಒಂದೊಂದು ಕೊಂಡಿಯ ಮಣ್ಣು ಕೆರೆದ. ಎಲೆಯಿಂದ ಒರೆಸಿದ. ಅಷ್ಟು ಹೊತ್ತಿನಲ್ಲಿ ಬೇರೆಯವರು ಒಂದು ಹೊಸ ಸೈಕಲ್ಲನ್ನೇ ಮಾಡಿ ಮುಗಿಸ್ತಿದ್ದರು. ರಾಮಾಂಜಿಯ ಉಸಿರು ಹತೋಟಿಗೆ ಬಂದ ಮೇಲೆ, "ಆಯ್ತು ನೋಡು," ಅಂತ ಎದ್ದ.

ರಾಮಾಂಜಿಗೆ ಒಳಗೊಳಗೇ ನಗು. ಸೈಕಲ್ ಅಂಗಡಿಯವನ ತಮ್ಮ! ಹಲ್ಲಿನ ಮೇಲೆ ಕೂತಿರೋ ಚೈನು ಕಾಣಿಸಲಿಲ್ಲ ಇವನಿಗೆ!

ಅಷ್ಟರಲ್ಲಿ ಕೆಳಗಿನಿಂದ ಇದ್ದಿಲ ಬಸ್ಸು ಏದುಸಿರು ಬಿಡ್ತಾ ಬಂದು, ಅದೇ ಏರಿನಲ್ಲಿ ನಿಂತೇಹೋಯಿತು. ಒಳಗಿದ್ದವರೆಲ್ಲ ಇಳಿದು, ಗಂಟು ಹೊತ್ತು, ಹರಟೆ ಹೊಡೀತಾ ನಡೆಯೋಕೆ ಶುರು ಮಾಡಿದರು. ಕಂಡಕ್ಟರ್ ಬೈರಣ್ಣ ಹಿಂದೆ ಬಂದು ಒಲೆಗೆ ಗಾಳಿ ಹಾಕುವ ಹಿಡಿ ತಿರುಗಿಸಿದ.

"ಏನಣ್ಣ ಆಯ್ತು ಇದಕ್ಕೆ?" ಅಂತ ರಾಮಾಂಜಿ ಕೇಳಿದ.

"ಉಬ್ಬಸ ಕಣಪ್ಪ. ಏರು ಬಂದ್ರೆ ಉಸಿರು ಸಾಲಲ್ಲ. ಸ್ವಲ್ಪ ನಿಂತರೆ ಸರಿಹೋಗುತ್ತೆ."

ಕೇಳಬಾರದಿತ್ತು ಅನ್ನಿಸಿತು ರಾಮಾಂಜಿಗೆ. ಗಫಾರ್ ನಗಲಿಲ್ಲ. ದೂರದ ಹೊಲದ ಕಡೆ ನೋಡ್ತಾ ನಿಂತಿದ್ದ.

ಕೋಟೆ ಬಾಗಿಲು ಮುಟ್ಟಿದರು. ವಾಪಸ್ ಬರುವಾಗ ಇನ್ನೊಂದು ಏರು. ಮತ್ತೆ "ಚೈನ್ ಬಿಟ್ಟೋಯ್ತು." ಮತ್ತೆ ಗಫಾರ್ ಕಡ್ಡಿ ಹುಡುಕಿದ.

ಅಂಗಡಿ ಮುಟ್ಟಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ನೂರ್ ಅಹಮದ್ ಬಾಗಿಲಲ್ಲೇ ನಿಂತಿದ್ದ. "ಇಷ್ಟು ಹೊತ್ತಾ? ದೇವನಹಳ್ಳಿಗೆ ಹೋಗಿದ್ರೋ, ಡೆಲ್ಲಿಗೋ?"

"ಎರಡು ಸಲ ಚೈನ್ ಬಿಡ್ತು ಭಾಯಿ," ಅಂದ ಗಫಾರ್.

ನೂರ್ ಅಹಮದ್ ಸೈಕಲ್ಲನ್ನ ಸ್ಟ್ಯಾಂಡ್ ಹಾಕಿ, ಪೆಡಲ್ ತಿರುಗಿಸಿದ. ಚಕ್ರ ಸುಂಯ್ ಅಂತ ತಿರುಗಿತು. ಚೈನನ್ನ ಬೆರಳಿನಿಂದ ಎಳೆದು ನೋಡಿದ.

"ಇದನ್ನ ಮೊನ್ನೆ ನಾನೇ ಹಾಕಿದ್ದು. ಆನೆ ಎಳೆದ್ರೂ ಬಿಡಲ್ಲ. ದಾರೀಲಿ ಗೋಲಿ ಆಡ್ಕೊಂಡು ಕೂತಿದ್ದು, ಬಂದು ಸುಳ್ಳು ಹೇಳ್ತೀಯಾ?"

ಗಫಾರ್ ಚೈನಿನ ಕಡೆಯೇ ನೋಡ್ತಾ ನಿಂತ.

"ಬಾಯಿಲ್ವಾ? ಸರಿ. ಚಿತ್ತೂರಿಗೆ ನೀನು ಬರೋದು ಬೇಡ. ಇಲ್ಲೇ ಕೂತು ಪಂಕ್ಚರ್ ಹಾಕು."

ಗಫಾರ್ ಕಪ್ಪಾದ ಕೈಗಳನ್ನ ಚಡ್ಡಿಗೆ ಒರೆಸಿಕೊಂಡ.

ರಾಮಾಂಜಿ ಅವನನ್ನೇ ನೋಡಿದ. ತಣ್ಣನೆ ಗಾಳಿ ಬೀಸ್ತಿತ್ತು. ರಾಮಾಂಜಿಯ ಮೈಮೇಲೆ ಎರಡು ಅಂಗಿ, ಒಂದು ಸ್ವೆಟರು, ತಲೆಗೆ ಮಫ್ಲರು. ಗಫಾರ್ ಹಾಕಿದ್ದು ಒಂದೇ ತೆಳು ಅಂಗಿ, ಅದರದ್ದೂ ಗುಂಡಿ ಬಿಚ್ಚಿತ್ತು. ಮೈಯಲ್ಲಿ ಒಂದು ನಡುಕವಿಲ್ಲ. ಚಳಿ ಅಂದರೆ ಆಗಲ್ಲ ಅಂದವನು ಇವನೇನಾ?

ಆಗಲ್ಲ ಅಂದಿದ್ದು ಯಾರಿಗೆ?

ರಾಮಾಂಜಿ ಮುಂದೆ ಬಂದ. "ಚೈನ್ ಸರಿಯಾಗೇ ಇತ್ತು ಭಾಯಿ. ನಂಗೆ ಉಬ್ಬಸ."

ಅವನು ಹುಟ್ಟಿದಾಗಿನಿಂದ ಆಡಿದ ಮಾತುಗಳಲ್ಲಿ ಅಷ್ಟು ಚಿಕ್ಕದು ಇನ್ನೊಂದಿರಲಿಲ್ಲ.

ನೂರ್ ಅಹಮದ್ ತಿರುಗುತ್ತಿದ್ದ ಚಕ್ರವನ್ನ ಕೈಯಿಂದ ಹಿಡಿದು ನಿಲ್ಲಿಸಿದ. "ನಿಮ್ಮಮ್ಮ ಏನಂತಾರೆ?"

"ನಿಮಗೆ ಹೇಳು ಅಂದಿದ್ರು. ನಾನೇ ಹೇಳಲಿಲ್ಲ."

ನೂರ್ ಅಹಮದ್ ತಮ್ಮನ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

ಗಫಾರ್ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ್ದ ಒಂದು ಹಾಳೆ ತೆಗೆದು ಕೊಟ್ಟ. ಕೋಲಾರ, ಮುಳಬಾಗಿಲು, ಪಲಮನೇರು, ಮೊಗಿಲಿ ಘಟ್ಟ, ಚಿತ್ತೂರು. ದಾರಿಯ ಏರು, ಇಳಿಜಾರನ್ನೆಲ್ಲ ಬಸ್ಸಿನವರನ್ನ ಕೇಳಿ ಕೇಳಿ ಬರೆದಿದ್ದ. ಏರು ಇರುವಲ್ಲೆಲ್ಲ 'ಗಫಾರ್. ರಾಮಾಂಜಿ ನೂರ್ ಭಾಯಿಯ ಕ್ಯಾರಿಯರಿನಲ್ಲಿ' ಅಂತಿತ್ತು. ಇಳಿಜಾರು ಇರುವಲ್ಲೆಲ್ಲ 'ರಾಮಾಂಜಿ'.

ನೂರ್ ಅಹಮದ್ ಅದನ್ನ ಮೇಲಿಂದ ಕೆಳಗೆ ಓದಿದ. ಮತ್ತೆ ಮೇಲಿಂದ ಓದಿದ.

"ಮೊಗಿಲಿ ಘಟ್ಟ ಇಳಿಯೋದು ಪೂರ್ತಿ ಇವನ ಪಾಲಿಗೇ ಬರೆದಿದ್ದೀಯಲ್ಲೋ," ಅಂದ. "ಬ್ರೇಕ್ ಹಿಡಿಯೋಕೆ ಬರುತ್ತೇನೋ ರಾಮಾಂಜಿ?"

'ಕಣ್ಣು ಮುಚ್ಕೊಂಡು ಹಿಡೀತೀನಿ' ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ರಾಮಾಂಜಿ ಅದನ್ನ ನುಂಗಿಕೊಂಡ. "ಕಲೀತೀನಿ ಭಾಯಿ."

"ಕಲಿ. ಇಬ್ಬರೂ ಕಲೀರಿ. ನಾಳೆ ನಿಮ್ಮಮ್ಮನ ಹತ್ರ ನಾನೇ ಬಂದು ಮಾತಾಡ್ತೀನಿ. ಅವರು ಹೂಂ ಅಂದ್ರೆ ನಿಧಾನಕ್ಕೆ ಹೋಗೋಣ. ಮೂರು ದಿನದ ದಾರಿ ಐದು ದಿನ ಆಗ್ಲಿ, ಚಿತ್ತೂರೇನು ಓಡಿಹೋಗಲ್ಲ."

ಇಬ್ಬರೂ ಮನೆ ಕಡೆ ಹೊರಟರು. ರಾಮಾಂಜಿಯ ಬೀದಿ ಸ್ವಲ್ಪ ಎತ್ತರಕ್ಕೆ ಹತ್ತುತ್ತೆ. ಬಹಳ ಏನಲ್ಲ, ನಿಜವಾಗಿಯೂ ಸ್ವಲ್ಪವೇ. ನಡುವೆ ಗಫಾರ್ ತಟ್ಟನೆ ನಿಂತು ಒಂಟಿಕಾಲಲ್ಲಿ ಕುಂಟಿದ.

"ಇರು ಇರು. ಕಾಲಿಗೆ ಮುಳ್ಳು."

ರಾಮಾಂಜಿ ಅವನ ಪಕ್ಕದಲ್ಲಿ ಕೂತು, ಆ ಪಾದವನ್ನ ತೊಡೆಯ ಮೇಲೆ ಎತ್ತಿಕೊಂಡ. ಮುಳ್ಳು ಇರಲಿಲ್ಲ. ಅವನು ಅದನ್ನ ನಿಧಾನವಾಗಿ, ಉಸಿರು ಎಳೆದುಕೊಳ್ತಾ, ಹಿಮ್ಮಡಿಯಿಂದ ಬೆರಳಿನವರೆಗೂ ಹುಡುಕಿದ.