ಫ್ಲಾಸ್ಕಿನೊಳಗೆ ಯಾರೋ ಹಾಕಿಟ್ಟ ಪಿಂಗಾಣಿ ಚೂರು

"ಅಣ್ಣಾ... ಈ ಫ್ಲಾಸ್ಕಿಗೆ ಪಿಂಗಾಣಿ ಚೂರು ಹಾಕಿದ್ದು ಯಾರು?"

ಅವಳು ಫ್ಲಾಸ್ಕನ್ನು ಎತ್ತಿ ತೋರಿಸಿದಳು. ಲ್ಯಾಬಿನ ಬೀಗದ ಕೈಯನ್ನು ಜೇಬಿಗಿಳಿಸುತ್ತಿದ್ದ ಅಟೆಂಡರ್ ಅಣ್ಣ ಅವಳತ್ತ ತಿರುಗದೆಯೇ ಹೇಳಿದ.

"ನಿನ್ನ ಕಣ್ಣೆದುರಿಗೇ ಬೀಗ ತೆಗೆದೆನಲ್ಲಮ್ಮ. ನಂಗೇನು ಗೊತ್ತು?"

ನಿನ್ನೆ ಸಂಜೆ ಆ ಫ್ಲಾಸ್ಕನ್ನು ತೊಳೆದು ಬೋರಲು ಹಾಕಿ ಹೋದವಳು ಅವಳೇ. ಈಗ ಅದು ನೆಟ್ಟಗೆ ನಿಂತಿತ್ತು. ತಳದಲ್ಲಿ ಬಿಳಿ ಪಿಂಗಾಣಿ ಚೂರುಗಳು! ಇದೇನು ಮೊದಲ ಸಲವಲ್ಲ. ಈ ಲ್ಯಾಬಿಗೆ ಮತ್ತೆ ಕಾಲಿಟ್ಟಾಗಿನಿಂದ ದಿನವೂ ಹೀಗೇ.

ದ್ರವವನ್ನು ಕಾಯಿಸುವ ಮೊದಲು ಫ್ಲಾಸ್ಕಿಗೆ ನಾಲ್ಕು ಚೂರು ಹಾಕಬೇಕು. ಆಗ ಅದು ಹದವಾಗಿ, ಸದ್ದಿಲ್ಲದೆ ಕುದಿಯುತ್ತದೆ. ಮರೆತು, ಕಾದ ಮೇಲೆ ಹಾಕಿದರೋ... ಫ್ಲಾಸ್ಕಿನಲ್ಲಿದ್ದದ್ದೆಲ್ಲ ಉಕ್ಕಿ ಮೇಲೆ ಹಾರುತ್ತದೆ. ಮೊದಲ ವರ್ಷದ ಮಕ್ಕಳಿಗೂ ಗೊತ್ತಿರುವ ಮಾತು. ಅವಳಿಗೂ ಗೊತ್ತಿತ್ತು.

ಆದರೂ ಕಳೆದ ವರ್ಷ ಮರೆತಿದ್ದಳು. ನೆನಪಾದ ಕೂಡಲೇ "ಅಯ್ಯೋ!" ಎಂದು ಕಾದ ಫ್ಲಾಸ್ಕಿಗೆ ಚೂರು ಹಾಕಿಬಿಟ್ಟಿದ್ದಳು. ಅದೇ ಬೆಂಚಿನ ಜೊತೆಗಾರ ಅವಳನ್ನು ಹಿಂದಕ್ಕೆಳೆದು ತಾನು ಅಡ್ಡ ನಿಂತ. ಅವಳ ಮುಖಕ್ಕೆ ಬೀಳಬೇಕಾದದ್ದು ಅವನ ಮುಖಕ್ಕೆ ಬಿತ್ತು.

ಆಸ್ಪತ್ರೆಯಿಂದ ಅವನನ್ನು ಬೇರೆ ಊರಿಗೆ ಕರೆದೊಯ್ದರು. ಅವನ ಫೋನ್ ಸತ್ತುಹೋಯಿತು. ಕಾಲೇಜಿನಲ್ಲಿ ಯಾರೋ ಅಂದರು, "ಉಳೀಲಿಲ್ವಂತೆ."

ಅವಳು ವಿಚಾರಿಸಲಿಲ್ಲ. ಕೇಳದಿದ್ದರೆ ಅವನು ಎಲ್ಲೋ ಬದುಕಿರುತ್ತಾನೆ ಎನ್ನುವ ಹುಚ್ಚು ಆಸೆ ಅವಳಿಗೆ! ಪ್ರೀತಿಸುತ್ತೇನೆ ಎಂದು ಒಮ್ಮೆಯೂ ಹೇಳದೆ ಕಳೆದುಕೊಂಡವಳ ಸಂಕಟ ಹೇಳಿದರೆ ಯಾರಿಗೆ ಅರ್ಥವಾಗುತ್ತದೆ?

ರಸಾಯನಶಾಸ್ತ್ರದ ಪದವಿಗೆ ಬೇಕಾದ ಪೇಪರುಗಳೆಲ್ಲ ಮುಗಿದಿದ್ದವು. ಗಣಿತ, ಭೌತಶಾಸ್ತ್ರ, ಪ್ರಾಜೆಕ್ಟ್, ಎಲ್ಲವೂ. ಉಳಿದದ್ದು ಸಾವಯವ ರಸಾಯನದ ಈ ಒಂದು ಲ್ಯಾಬ್. ಅದಿಲ್ಲದಿದ್ದರೆ ಪದವಿಯಿಲ್ಲ, ಮತ್ತೆ ಅವಕಾಶವೂ ಇಲ್ಲ. ಲ್ಯಾಬಿನಲ್ಲಿ ಒಬ್ಬರೇ ಕೆಲಸ ಮಾಡುವಂತಿಲ್ಲ, ಇಬ್ಬರಿರಬೇಕು ಎಂಬುದು ನಿಯಮ.

"ನಾನು ಇನ್ಯಾವತ್ತೂ ಯಾರ ಜೊತೆಗೂ ಒಂದೇ ಬೆಂಚಲ್ಲಿ ನಿಲ್ಲಲ್ಲ ಮೇಡಂ!" ಎಂದು ವಿಭಾಗದ ಮುಖ್ಯಸ್ಥೆಯ ಮುಂದೆ ಅತ್ತಿದ್ದಳು. ಕೊನೆಗೆ ಮೇಡಂ ಅಟೆಂಡರ್ ಅಣ್ಣನನ್ನೇ ಕಾವಲಿಗೆ ಕೂರಿಸಿದ್ದರು.

ಇವತ್ತು ಕೊನೆಯ ಪ್ರಯೋಗ. ಕಾಯಿಸಿದಳು, ಸೋಸಿದಳು, ಐಸಿನಲ್ಲಿಟ್ಟಳು. ಹರಳು ಬರಬೇಕು. ಬರಲಿಲ್ಲ... "ಹರಳೇ ಬರ್ತಿಲ್ಲ ಅಣ್ಣಾ!"

"ಐಸೆಲ್ಲಾ ಕರಗಿಹೋಯ್ತು. ಪಕ್ಕದಿಂದ ತರ್ತೀನಿ, ಏನೂ ಮುಟ್ಟಬೇಡ," ಎಂದು ಅಣ್ಣ ಹೊರಗೆ ಹೋದ.

ಮಧ್ಯಾಹ್ನದ ಲ್ಯಾಬು ಬಿಕೋ ಎನ್ನುತ್ತಿತ್ತು. ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು.

ಕಿರ್ರ್... ಕಿರ್ರ್... ಕಿರ್.

ಅವಳು ತಟ್ಟನೆ ತಲೆಯೆತ್ತಿದಳು. ತಕ್ಕಡಿಗಳಿದ್ದ ಪಕ್ಕದ ಕೋಣೆಯಿಂದ, ಗಾಜಿಗೆ ಗಾಜು ಉಜ್ಜುವ ಸದ್ದು! ಹರಳು ಬರದಿದ್ದಾಗ ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಒಳಗೋಡೆಯನ್ನು ಗೀಚಬೇಕು. ಎರಡು ಉದ್ದ ಗೀಚು, ಒಂದು ಗಿಡ್ಡ. ಹಾಗೆ ಗೀಚುತ್ತಿದ್ದವನು ಅವನೊಬ್ಬನೇ.

ಕಿರ್ರ್... ಕಿರ್ರ್... ಕಿರ್.

ಹೆದರಿದವರ ಮೇಲೆ ಹಾವು ಎಸೆದಂತಾಯಿತು. ಆದರೂ ಕಾಲು ಅತ್ತಲೇ ಎಳೆಯಿತು. ಬಾಗಿಲಿನ ಮಸುಕು ಗಾಜಿನ ಹಿಂದೆ ಒಂದು ಆಕೃತಿ ನಿಂತಿತ್ತು.

"ನೀನೇ ಅಂತ ಗೊತ್ತು..." ಅವಳು ಗಾಜಿಗೆ ಅಂಗೈ ಒತ್ತಿದಳು. "ತಪ್ಪು ನಂದೇ. ಬೈಯೋದಿದ್ರೆ ಬೈದುಬಿಡು. ದಿನಾ ಚೂರು ಹಾಕಿಟ್ಟು ಹೀಗೆ ಚುಚ್ಚಬೇಡ! ಸತ್ತ ಮೇಲೂ ನನ್ನ ಬಿಟ್ಟು ಹೋಗಲ್ಲ ಅಂದ್ರೆ ನಾನೇ ಬರ್ತೀನಿ... ನಂಗೂ ನೀನೇ ಬೇಕು!"

ಗೀಚುವ ಸದ್ದು ನಿಂತಿತು. ಆಕೃತಿ ಅಲುಗಲಿಲ್ಲ. ಆಮೇಲೆ... ಒಂದು ಕೆಮ್ಮು.

ಅವಳು ಬೆಪ್ಪಾದಳು. ದೆವ್ವಕ್ಕೂ ಕೆಮ್ಮು ಬರುತ್ತದೆಯೇ?

"ಚುಚ್ಚೋಕಲ್ಲ ಕಣೇ, ಗಡಿಬಿಡಿ," ಒಡೆದ ದನಿಯೊಂದು ಹೇಳಿತು. "ನೀನು ಮತ್ತೆ ಮರೆತುಬಿಟ್ರೆ ಅಂತ."

ಅವಳನ್ನು 'ಗಡಿಬಿಡಿ' ಎಂದು ಕರೆಯುತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ. ಅವಳು ಬಾಗಿಲು ತಳ್ಳಿದಳು.

ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ.

"ನೋಡಬೇಡ. ಹೆದರ್ತೀಯ."

"ನೀನು ಸತ್ತಿದ್ದೀಯ ಅಂದ್ಕೊಂಡಿದ್ದೆ ಕಣೋ!"

"ನಂಗೂ ಇದೊಂದೇ ಲ್ಯಾಬ್ ಬಾಕಿ. ನಿನ್ನ ಜೊತೆಗೇ ಮಾಡ್ತೀನಿ ಅಂತ ಮೇಡಂನ ಕೇಳೋಕೆ ಬಂದೆ. ಒಳಗೆ ನೀನು ಅಳ್ತಿದ್ದೆ, ಒಂದೇ ಬೆಂಚಲ್ಲಿ ನಿಲ್ಲಲ್ಲ ಅಂತ. ನನ್ನ ಮುಖ ನೋಡೋಕೆ ಇಷ್ಟ ಇಲ್ಲ ಅಂದ್ಕೊಂಡೆ. ನನ್ನ ಲ್ಯಾಬನ್ನ ಬೆಳಗ್ಗೆ ಹೊತ್ತಿಗೆ ಹಾಕಿಸ್ಕೊಂಡೆ, ಮುಗಿಸಿ ಹೋಗೋವಾಗ ನಿನ್ನ ಫ್ಲಾಸ್ಕಿಗೆ ಚೂರು ಹಾಕಿಡ್ತಿದ್ದೆ."

"ನನ್ನಿಂದ ಇನ್ನೊಬ್ಬರು ಸುಡಬಾರದು ಅಂತ ಅಂದಿದ್ದು! ನಿನ್ನ ಬೇಡ ಅಂತೀನಾ ನಾನು?"

ಅವನು ಮೆಲ್ಲಗೆ ತಿರುಗಿದ. ಎಡಗೆನ್ನೆಯಿಂದ ಕತ್ತಿನವರೆಗೆ ಚರ್ಮ ಸುಕ್ಕುಗಟ್ಟಿತ್ತು. ಅವಳು ಕಣ್ಣು ಕೆಳಗಿಳಿಸಲಿಲ್ಲ. ಆ ಕೆನ್ನೆಗೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಆಗ ಅವಳಿಗೆ ಅಳು ಒತ್ತರಿಸಿಕೊಂಡು ಬಂತು.

"ಇವತ್ತು ಯಾಕೆ ಸದ್ದು ಮಾಡ್ದೆ?" ಬಿಕ್ಕುತ್ತಲೇ ಕೇಳಿದಳು.

"ನಿನ್ನ ಕೊನೆ ದಿನ ಅಂತ ಇಲ್ಲೇ ಉಳಿದಿದ್ದೆ. ಹರಳು ಬರಲಿಲ್ಲ ಅಂತ ಕೇಳಿಸ್ತು. 'ಗೀಚು' ಅಂತ ಹೇಳೋಕೆ ಧೈರ್ಯ ಬರಲಿಲ್ಲ."

ಐಸಿನ ಬಕೆಟ್ ಹಿಡಿದು ಬಂದ ಅಟೆಂಡರ್ ಅಣ್ಣ ಬಾಗಿಲಲ್ಲೇ ನಿಂತ. "ಹೇಳಬೇಡಿ ಅಂತ ಕೈ ಹಿಡ್ಕೊಂಡಿದ್ದ ಕಣಮ್ಮ. ನಿಮ್ಮಿಬ್ಬರ ಮಧ್ಯೆ ನಾನು ಅಡಕತ್ತರಿಲಿ ಸಿಕ್ಕಿದ ಅಡಿಕೆ ಆದೆ! ಮೊದಲು ಆ ಪ್ರಯೋಗ ಮುಗಿಸಿ, ಅಳೋದು ಆಮೇಲೆ ಇದ್ದೇ ಇದೆ."

ಇಬ್ಬರೂ ಒಂದೇ ಬೆಂಚಿನಲ್ಲಿ ನಿಂತರು. ಅವಳು ಕಡ್ಡಿ ಹಿಡಿದ ಕೈಯನ್ನು ಫ್ಲಾಸ್ಕಿನತ್ತ ತಂದಳು. ಅವನು ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ.

ಕಿರ್ರ್... ಕಿರ್ರ್... ಕಿರ್.

ತಿಳಿ ದ್ರವದಲ್ಲಿ ಒಂದು ಬಿಳಿ ಸೂಜಿ ಮೂಡಿತು. ನೋಡನೋಡುತ್ತಿದ್ದಂತೆ ಫ್ಲಾಸ್ಕಿನ ತುಂಬ ಹರಳು!

"ನಾಳೆ ನನ್ನ ಕೊನೆ ಪ್ರಯೋಗ," ಅವನೆಂದ. "ಒಬ್ಬನೇ ಮಾಡೋ ಹಾಗಿಲ್ಲ. ನಿಯಮ."

"ಬರ್ತೀನಿ. ಇನ್ನು ಚೂರು ನಾನೇ ಹಾಕ್ತೀನಿ."

"ಕಾಯಿಸೋಕೆ ಮೊದಲು ತಾನೇ?"

"ಮೊದಲೇ ಕಣೋ!"