ಹೆಸರು ಕೂಗದ ಹಾಡು

ಆ ದಿನ ಬೆಳಗ್ಗೆ ತಿಕೋಟಾದ ಮೇಲೆ ಬೇಡದ ಮೋಡ ಬಂದು ಕುಳಿತಿತ್ತು. ಮಾಘ ಮಾಸದಲ್ಲಿ ಅಲ್ಲಿ ಮೋಡಕ್ಕೆ ಏನು ಕೆಲಸ? ತೋಟ ತೋಟಗಳಲ್ಲಿ ದ್ರಾಕ್ಷಿ ಒಣಗುತ್ತಿರುವ ಹೊತ್ತು. ಒಂದು ಹನಿ ಬಿದ್ದರೂ ಬಣ್ಣ ಕೆಡುತ್ತದೆಂದು ಊರವರೆಲ್ಲ ಮುಖ ಮೇಲೆತ್ತಿಕೊಂಡೇ ನಡೆಯುತ್ತಿದ್ದರು. ಶಿವನ ದಯೆ, ಹನಿ ಬೀಳಲಿಲ್ಲ. ತಣ್ಣನೆಯ ಗಾಳಿ ಮಾತ್ರ ಶಾಮಿಯಾನದ ಬಟ್ಟೆಯನ್ನು ಉಬ್ಬಿಸುತ್ತ, ಇಳಿಸುತ್ತ ಆಡುತ್ತಿತ್ತು.

ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಮೊಮ್ಮಗನ ತೊಟ್ಟಿಲು ಕಾರ್ಯಕ್ರಮ. ಮೈಕ್ ಸೆಟ್ ಸುಮಂಗಲಾಳದು. ಅವಳ ಅಪ್ಪನ ಮೊಣಕಾಲು ಸೋತ ಮೇಲೆ ಆರು ವರ್ಷಗಳಿಂದ ಸ್ಪೀಕರು, ವೈರು, ಟೆಂಪೊ ಎಲ್ಲವೂ ಅವಳ ಕೈಗೇ ಬಂದಿದ್ದವು. ವೈರು ಎಳೆಯುತ್ತ ಶಾಮಿಯಾನದ ಹಿಂದೆ ಬಂದರೆ, ನೀರಿನ ಟ್ಯಾಂಕರಿನ ಗಾಲಿ ಹಿಡಿದು ಒಬ್ಬಾತ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಬಿಳಿ ಜುಬ್ಬಾ, ಹೆಗಲಲ್ಲಿ ಕಾವಿ ಶಲ್ಯ. ವಾಂತಿ ಮಾಡಿಕೊಂಡು ಬಾಯಿ ತೊಳೆಯುತ್ತಿದ್ದ. ಕೈ ನಡುಗಿ ನೀರೆಲ್ಲ ಜುಬ್ಬಾದ ಮೇಲೆ ಬೀಳುತ್ತಿತ್ತು.

"ಏನ್ರೀ, ಹೊತ್ತೇರೂ ಮುಂಚೇನ ಹಾಕ್ಕೊಂಡ ಬಂದೀರೇನು?"

ಅವನು ತಲೆ ಎತ್ತಿದ. ಹಣೆಯ ತುಂಬ ಬೆವರು.

"ನಾ ಕುಡಿಯಂಗಿಲ್ರಿ."

"ಎಲ್ಲಾರೂ ಹಂಗ ಅಂತಾರ. ಕುಡದವರ ಕೈಯಾಗ ನಾ ಮೈಕ್ ಕೊಡಂಗಿಲ್ಲ. ನಮ್ಮಪ್ಪನ ಕಾಲದ ರಿವಾಜ ಅದು. ಎಲ್ಲಿ, ಉಸುರು ಬಿಡ್ರಿ ನೋಡೂಣು."

ಬೇರೆ ಯಾರಾದರೂ ಮುನಿಸಿಕೊಳ್ಳುತ್ತಿದ್ದರು. ಅವನು ಸಾಲೆಯ ಹುಡುಗನಂತೆ ಬಾಯಿ ತೆರೆದು "ಹಾ" ಎಂದ. ಯಾಲಕ್ಕಿಯ ವಾಸನೆ ಬಂತು. ಹಸಿದ ಹೊಟ್ಟೆಯ ಹುಳಿ ಬಂತು. ಬೇರೇನೂ ಬರಲಿಲ್ಲ.

"ಪಾಸೋ, ಫೇಲೋ?"

ಸುಮಂಗಲಾ ನಾಚಿ ವೈರಿನ ಗಂಟು ಬಿಚ್ಚತೊಡಗಿದಳು. ಅದರಲ್ಲಿ ಗಂಟೇ ಇರಲಿಲ್ಲ. "ಮತ್ತ ಈ ನಡುಗೂದು ಯಾಕ?"

"ಹಾಡಾಕ ಕುಂದ್ರೂ ಮುಂದ ಬರತೈತ್ರಿ. ಹನ್ನೊಂದ ವರ್ಷ ಆತು, ಒಂದ ದಿನಾನೂ ತಪ್ಪಿಲ್ಲ. ನಮ್ಮ ತಬಲಾದ ಮಶಾಕಸಾಬ ಕಾಕಾ ಅಂತಾರ, 'ನಿನಕಿಂತ ಅದ ವ್ಯಾಳ್ಯಾಕ್ಕ ಸರಿಯಾಗಿ ಬರತೈತಿ' ಅಂತ."

ಅವನ ಹೆಸರು ಸಂಗನಬಸವ. ಬಿಜ್ಜರಗಿಯವನು, ಈಗ ವಿಜಯಪುರದಲ್ಲಿ ಅಥಣಿ ರಸ್ತೆಯ ಹೊಸ ಬಡಾವಣೆಯೊಂದರಲ್ಲಿ ಬಾಡಿಗೆಗೆ ಖೋಲಿ ಹಿಡಿದಿದ್ದ. ಮನೆ ಕಾರ್ಯಗಳಲ್ಲಿ, ಮಠಗಳಲ್ಲಿ ತತ್ವಪದ ಹಾಡುವುದೇ ಅವನ ಹೊಟ್ಟೆಪಾಡು.

ಅವನು ಹಾರ್ಮೋನಿಯಮ್ ಮುಂದೆ ಕುಳಿತಾಗ ಸುಮಂಗಲಾಳ ಹೆಡ್‌ಫೋನಿನಲ್ಲಿ ಮೊದಲು ಕೇಳಿದ್ದು ಹಾಡಲ್ಲ, ಉಸಿರು. ನಾಯಿ ಬೆನ್ನಟ್ಟಿದ ಕುರಿಮರಿಯ ಹಾಗೆ ಓಡುವ ಉಸಿರು. ಅಷ್ಟು ಮಂದಿಯಲ್ಲಿ ಅದು ಕೇಳುತ್ತಿದ್ದುದು ಅವಳೊಬ್ಬಳಿಗೇ. ಒಬ್ಬ ಗಂಡಸಿನ ಉಸಿರು ಇಷ್ಟು ಅಂಜಿ ಓಡುವುದು ಕಿವಿಗೆ ಬಿದ್ದದ್ದು ಅದೇ ಮೊದಲು. ಏನು ಮಾಡಬೇಕೆಂದು ತಿಳಿಯದೆ ಅವಳು ಅಂಗೈ ಎತ್ತಿ, ಮಗುವಿನ ಬೆನ್ನು ಸವರುವವಳಂತೆ ಗಾಳಿಯಲ್ಲಿ ಮೆಲ್ಲಗೆ ಕೆಳಗಿಳಿಸಿದಳು.

ಅವನು ನೋಡಿದ. ಉಸಿರು ಇಳಿಯಿತು. ಹಾಡು ಎದ್ದಿತು.

ನೀರು ತರಲು ಹೋದವಳೊಬ್ಬಳ ಪದ ಅದು. ದಾರಿಯಲ್ಲಿ ಕೊಡ ಕಳೆದುಕೊಳ್ಳುತ್ತಾಳೆ, ಹಗ್ಗ ಕಳೆದುಕೊಳ್ಳುತ್ತಾಳೆ. ಎರಡನೇ ನುಡಿ ಮುಗಿಯುವುದರೊಳಗೆ ಒಬ್ಬರು ಬಂದು ಹಾರ್ಮೋನಿಯಮ್ ಮೇಲೆ ನೂರರ ನೋಟು ಇಟ್ಟರು. ಹಾಡು ನಿಂತಿತು.

ಆ ಕಡೆಯ ಪದ್ಧತಿಯೇ ಹಾಗೆ. ಯಾರು ಬಕ್ಷೀಸು ಇಟ್ಟರೂ ಹಾಡು ಅಲ್ಲಿಗೇ ನಿಲ್ಲಬೇಕು. ಇಟ್ಟವರ ಹೆಸರು, ಊರು, ಇಟ್ಟ ರೊಕ್ಕ ಇಷ್ಟೆಂದು ಮೈಕಿನಲ್ಲಿ ಕೂಗಿ ಹರಸಬೇಕು. ಹಾಡು ಆಮೇಲೆ ಮುಂದೆ. ಕೂಗಿಸಿಕೊಂಡವರ ಮುಖ ಅರಳುವುದನ್ನು ಕಂಡು ಪಕ್ಕದವರೂ ಜೇಬಿಗೆ ಕೈ ಹಾಕುತ್ತಾರೆ. ಸಂಗನಬಸವನ ಅರ್ಧ ಅನ್ನ ಹುಟ್ಟುತ್ತಿದ್ದುದು ಅದರಲ್ಲಿಯೇ. ಆದರೆ ಪ್ರತಿ ಸಲ ಹಾಡು ನಿಂತಾಗಲೂ ಉಸಿರು ಮತ್ತೆ ಓಡತೊಡಗುತ್ತಿತ್ತು, ಸುಮಂಗಲಾಳ ಅಂಗೈ ಮತ್ತೆ ಏಳುತ್ತಿತ್ತು. ಏಳನೇ ನೋಟಿನ ಹೆಸರು ಕೂಗಿ ಅವನು ಹಾರ್ಮೋನಿಯಮ್ ಮುಚ್ಚಿದ. ಪದ ಮೂರನೇ ನುಡಿಯಲ್ಲೇ ಮುಗಿಯಿತು. ಯಾರೂ ಕೇಳಲಿಲ್ಲ, ಊಟದ ಹೊತ್ತಾಗಿತ್ತು.

ವೈರು ಸುತ್ತುತ್ತ ಅವಳು ಕೇಳಿದಳು. "ಆಕಿ ಆಮ್ಯಾಲೆ ಏನ್ ಮಾಡಿದ್ಲು?"

"ಯಾಕಿ?"

"ನೀರಿಗೆ ಹೋದಾಕಿ. ಆರು ವರ್ಷ ಆತು ನಾ ಹಾಡು ಕೇಳಾಕತ್ತು, ಒಂದರದೂ ಕಡೀ ನುಡಿ ಕೇಳಿಲ್ಲ. ಆಕಿ ಮನಿ ಮುಟ್ಟಿದ್ಲೋ ಇಲ್ಲೋ ತಿಳೀಬೇಕಲ್ರಿ."

ಅವನು ಮೊದಲ ಸಲ ನಕ್ಕ. ನಕ್ಕಾಗ ಎಡಗೆನ್ನೆ ಮಾತ್ರ ಕುಳಿ ಬೀಳುತ್ತಿತ್ತು. "ಬಾಯಿಲೆ ಹೇಳೂದಲ್ರಿ ಅದು. ಹಾಡೇ ತಿಳಸಬೇಕು."

*

ಆಮೇಲೆ ಕಾಖಂಡಕಿಯಲ್ಲಿ ಒಂದು, ವಿಜಯಪುರದಲ್ಲಿ ಎರಡು ಕಾರ್ಯಕ್ರಮಗಳಲ್ಲಿ ಇಬ್ಬರೂ ಕೂಡಿದರು. ಅವನು ಕುಳಿತ ಕೂಡಲೆ ಮಂದಿಯನ್ನು ನೋಡುತ್ತಿರಲಿಲ್ಲ; ದನಿ ಹೊಂದಿಸುವ ಮಿಕ್ಸರಿನ ಹಿಂದಿನ ಅಂಗೈ ಹುಡುಕುತ್ತಿದ್ದ. ಅವಳು ಬೇಕೆಂದೇ ಒಂದು ಗಳಿಗೆ ತಡಮಾಡಿ, ಅವನ ಹುಬ್ಬು ಗಂಟಿಕ್ಕಿದ ಮೇಲೆ ಎತ್ತುತ್ತಿದ್ದಳು. ಮಶಾಕಸಾಬರು ತಬಲಾ ಬಿಗಿಯುತ್ತ ಇಬ್ಬರನ್ನೂ ನೋಡಿ, ತಮ್ಮ ಮೀಸೆಯೊಳಗೇ ನಗುತ್ತಿದ್ದರು.

ಒಂದು ಸಂಜೆ ಅಥಣಿ ರಸ್ತೆಯ ಚಹಾದಂಗಡಿಯಲ್ಲಿ ಅವನೆಂದ, "ಬರೂ ಸ್ವಾಮಾರ ಬಬಲೇಶ್ವರದಾಗ ಮನಿ ಒಕ್ಕಲದ ಕಾರ್ಯಕ್ರಮ ಐತಲ್ರಿ, ಅದ ಆದ್ರ ಬಿಡ್ತೀನಿ."

"ಏನು, ಚಾ?"

"ಹಾಡು."

ಅವಳ ಬಟ್ಟಲು ತುಟಿಯ ಹತ್ತಿರವೇ ನಿಂತಿತು.

"ಮೂರ ತಿಂಗಳ ಬಾಡಿಗಿ ನಿಂತೈತ್ರಿ. ಮಾಲಕರು ದಿನಾ ಫೋನ್ ಮಾಡ್ತಾರ. ಫೋನ್ ಬಡಕೊಂಡ್ರ ಸಾಕು, ಎದಿ ಡಬಡಬ ಅಂತೈತಿ. ನಮ್ಮ ಭಾವ ದ್ರಾಕ್ಷಿ ಗೋದಾಮಿನ್ಯಾಗ ಕೆಲಸ ನೋಡ್ಯಾರ. ಚೀಲದ ತೂಕ ಬರಕೊಳ್ಳೂದು. ತಿಂಗಳಿಗೆ ಪಗಾರ. ನಡುಗೂದಿಲ್ಲ, ಹೊಟ್ಟಿ ತೊಳಸೂದಿಲ್ಲ."

"ಚೀಲದ ಮುಂದ ಯಾರಿಗೆ ಎದಿ ನಡಗತೈತ್ರಿ?"

"ಅದನ್ನ ನಾನೂ ಹೇಳಾಕತ್ತೇನಿ."

"ಕೇಳ್ರಿ ಇಲ್ಲಿ." ಅವಳು ಬಟ್ಟಲು ಕುಕ್ಕಿದಳು. "ನಿಮ್ಮ ಉಸುರು ನಿಮಕಿಂತ ಚಂದ ನನಗ ಗೊತ್ತೈತಿ. ಹಾಡು ಸುರು ಆತಂದ್ರ ಅದು ತಣ್ಣಗ ಇರತೈತಿ, ನಿಂತ ನೀರಿನಂಗ. ನೋಟು ಬಂದು ಹಾಡು ನಿಂತಾಗಷ್ಟ ಓಡತೈತಿ. ನಿಮ್ಮನ್ನ ಅಂಜಸೂದು ಹಾಡಲ್ಲ, ಅದನ್ನ ಕಡಿಯೂದು."

"ಹಂಗಂತ ಬಕ್ಷೀಸು ಬ್ಯಾಡ ಅನ್ನಾಕ ಬರತೈತೇನ್ರಿ? ನಂದೂ ಕಾಕಾಂದೂ ಹೊಟ್ಟಿ ಅದರಾಗ ಐತಿ."

"ಬಿಡೂದ ಖರೆ ಇದ್ರ, ಒಂದ ಪದ ಪೂರಾ ಹಾಡಿ ಬಿಡ್ರಿ. ಒಂದ. ಅರ್ಧಕ್ಕ ನಿಲ್ಲಿಸಿ ಬಿಟ್ರ ಬದುಕೆಲ್ಲಾ ಅಲ್ಲೇ ನಿಂತಿರ್ತೀರಿ."

ಸಂಗನಬಸವ ಮುಟ್ಟದ ತನ್ನ ಬಟ್ಟಲನ್ನು ಮೇಜಿನ ನಡುವಿಗೆ ಸರಿಸಿದ. ಆಮೇಲೆ ಮೆಲ್ಲಗೆ, "ಸಿಟ್ಟಿಗೆದ್ರ ನಿಮ್ಮ ಕಣ್ಣ ಭಾಳ ದೊಡ್ಡವಾಗ್ತಾವ ನೋಡ್ರಿ" ಎಂದ.

"ಮಾತ ತಿರುವಬ್ಯಾಡ್ರಿ!" ಎಂದು ಅವಳು ಎದುರಿಗಿದ್ದ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದಳು. ಅದು ಅವನ ಚಹಾ.

*

ಸೋಮವಾರ, ಬಬಲೇಶ್ವರ. ಬಸಲಿಂಗಯ್ಯನವರು ಹೊಸ ಮನೆ ಕಟ್ಟಿಸಿದ್ದರು. ಸಂಜೆ ನಾಲ್ಕಕ್ಕೆ ಹಾಡು. ಹೆಸರು ಕೂಗಲೆಂದೇ ಎರಡನೇ ಮೈಕು ಹಿಡಿದು ಅವರ ಮೈದುನ ಸತೀಶಕುಮಾರ ಮುಂದಿನ ಸಾಲಿನಲ್ಲಿ ನಿಂತಿದ್ದ.

ಹಾಡುವ ಮೊದಲು ಸಂಗನಬಸವ ಮಿಕ್ಸರಿನ ಹತ್ತಿರ ಬಂದ. ಮುಖ ಬಿಳಿಚಿತ್ತು.

"ನೀವ ನನ್ನ ಮೈಕಿಗೆ ಕೈ ಹಚ್ಚಬ್ಯಾಡ್ರಿ. ನಿಲ್ಲಸೂದು ಬಿಡೂದು ನನ್ನ ಕೆಲಸ."

"ಆತ್ರಿ. ಆದ್ರ ಆ ಎರಡನೇ ಮೈಕ್ ನನ್ನ ಅಂಗಡೀದು."

ಪದ ಶುರುವಾಯಿತು. ಕೊಡ ಹೋಯಿತು. ಹಗ್ಗ ಹೋಗುವಷ್ಟರಲ್ಲಿ ಸತೀಶಕುಮಾರನೇ ಐದುನೂರರ ನೋಟು ತಂದಿಟ್ಟು, ತನ್ನ ಮೈಕು ಬಾಯಿಗೆ ಹಿಡಿದು ತನ್ನ ತಂದೆಯ ಹೆಸರು ಹೇಳಿದ. ತುಟಿ ಆಡಿತು, ದನಿ ಬರಲಿಲ್ಲ. ಮೈಕಿಗೆ ಹೊಡೆದ. ಊದಿದ. ಮಿಕ್ಸರಿನ ಕಡೆ ತಿರುಗಿ ಕೂಗಿದ.

"ಏ ತಂಗಿ, ಇದು ಬಂದ್ ಆಗೈತಿ!"

"ಹೌದ್ರೀ ಅಣ್ಣಾರ. ನಾನ ಬಂದ್ ಮಾಡೇನಿ. ಪದ ಮುಗೀಲಿ."

ಈಗ ಎಲ್ಲರ ಕಣ್ಣೂ ಹಾಡುಗಾರನ ಮೇಲೆ. ಸುಮಂಗಲಾಳ ಕಿವಿಯಲ್ಲಿ ಉಸಿರು ಎದ್ದಿತು, ಓಡಿತು, ಎಡವಿತು. ಒಂದು ನೋಟು, ಅದರ ಮೇಲೆ ಇನ್ನೊಂದು. ಇಟ್ಟವರು ಹೆಸರು ಕೇಳಿಸೀತೆಂದು ಕಾಯುತ್ತ ಅಲ್ಲೇ ನಿಂತಿದ್ದರು. ಅವಳು ಅಂಗೈ ಎತ್ತಿದಳು. ಆದರೆ ಅವನು ಈ ಸಲ ಅಂಗೈ ನೋಡಲಿಲ್ಲ. ಅವಳ ಕಣ್ಣನ್ನೇ ನೋಡಿದ. ನೋಡುತ್ತಲೇ ಮೂರನೇ ನುಡಿ ಎತ್ತಿದ, ನಾಲ್ಕನೆಯದನ್ನು ಎತ್ತಿದ. ನಿಂತವರು ಒಬ್ಬೊಬ್ಬರಾಗಿ ಕುಳಿತರು. ಮಶಾಕಸಾಬರ ಬೆರಳು ಹರೆಯದ ಬೆರಳಾಯಿತು.

"ನೀರ ತರಲು ಹೋದಾಕಿ ನಾನು, ಬಾವ್ಯಾಗಿ ಬಂದೇನೋ. ಬಾಯಾರಿದ ನನ ಮನಿಯ ಬಾಗಿಲಕ, ಬಾವ್ಯಾಗಿ ಬಂದೇನೋ..."

ಕೊನೆಯ ನುಡಿ ಮುಗಿದಾಗ ಶಾಮಿಯಾನದಲ್ಲಿ ಒಂದು ಸೌಟಿನ ಸದ್ದೂ ಇರಲಿಲ್ಲ. ಬಸಲಿಂಗಯ್ಯನವರ ತಾಯಿ ಕಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಕಡೀಗೆ ಮನಿ ಮುಟ್ಟಿದ್ಲಲ್ಲೋ ಯಪ್ಪಾ" ಎಂದರು. ಸುಮಂಗಲಾ ಹೆಡ್‌ಫೋನು ತೆಗೆಯಲಿಲ್ಲ. ಅದರಲ್ಲಿ ಅವನ ಉಸಿರು, ಕೆಲಸ ಮುಗಿಸಿ ಕಟ್ಟೆಯ ಮೇಲೆ ಕುಳಿತವನ ಉಸಿರಿನಂತೆ, ನಿಧಾನವಾಗಿ ಹೋಗಿ ಬರುತ್ತಿತ್ತು.

ಸತೀಶಕುಮಾರ ಕೆಂಪಾಗಿ ಎದ್ದ. "ಐದನೂರ ಇಟ್ಟೇನಿ! ನಮ್ಮಪ್ಪನ ಹೆಸರ ಕೂಗಲಿಲ್ಲಲ್ಲೋ? ಪುಕ್ಕಟೆ ಇಟ್ಟೇನೇನು? ಕೂಗು ಈಗ!"

"ದೇವರ ಪದ ಮುಗದ ಮ್ಯಾಲೆ ಇನ್ನ ಯಾರ ಹೆಸರೂ ಬ್ಯಾಡ್ರಿ," ಎಂದ ಸಂಗನಬಸವ. "ಆದ್ರ ನೀವು ಹೇಳೂದೂ ಖರೆ ಐತಿ."

ನೋಟುಗಳನ್ನು ಒಟ್ಟು ಮಾಡಿದ. ಎರಡು ತಿಂಗಳ ಬಾಡಿಗೆಗೆ ಸಾಲುವಷ್ಟಿತ್ತು. ಇನ್ನೊಂದು ಸಲ ಎಣಿಸಿ ತಬಲಾದ ಕಡೆ ತಿರುಗಿದ.

"ಕಾಕಾ, ಹೆಸರ ಕೂಗಿಲ್ಲ ಅಂದಮ್ಯಾಲೆ ಈ ರೊಕ್ಕ ನಮ್ಮದಲ್ಲ. ನಿಮ್ಮ ಪಾಲೂ ಇದರಾಗ ಐತಿ. ನೀವು ಹೂಂ ಅಂದ್ರಷ್ಟ."

ಮಶಾಕಸಾಬರು ತಬಲಾಕ್ಕೆ ಬಟ್ಟೆ ಹೊದಿಸುತ್ತಿದ್ದರು. "ನಲವತ್ತ ವರ್ಷಕ್ಕ ಇವತ್ತ ಒಂದ ಪದ ಕಡೀ ತನಕ ಬಾರಿಸೇನಿ. ಹೋಗಪಾ, ಕೊಟ್ಟ ಬಾ. ಆ ಮೈಕಿನ ಹುಡುಗೀನ್ನ ಕರಕೊಂಡ ಹೋಗು, ಯಾರದು ಯಾವ ನೋಟು ನಿನಗ ನೆನಪಿರಂಗಿಲ್ಲ."

ಅವನು ಮಿಕ್ಸರಿನ ಮುಂದೆ ಬಂದು ನಿಂತ.

"ಯಾರ್ಯಾರು ಇಟ್ರು, ನೋಡೀರೇನ್ರಿ?"

"ಎಲ್ಲಾರನೂ ನೋಡೇನಿ. ಬರೇ ನಿಮ್ಮನ್ನ ನೋಡಾಕತ್ತಿದ್ದೆ ಅಂತ ತಿಳದೀರೇನು?"

"ಹಂಗ ತಿಳದ ಹಾಡಿದೆ."

ಅವಳು ಕುತ್ತಿಗೆಗೆ ಜಾರಿದ ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಬಾಡಿಗಿ?"

"ಮಾಲಕರಿಗೆ ಇನ್ನೊಂದ ತಿಂಗಳ ಗಡುವು ಕೇಳ್ತೀನಿ. ಒಲ್ಲೆ ಅಂದ್ರ ಖೋಲಿ ಬಿಡ್ತೀನಿ, ಹಾಡು ಬಿಡಂಗಿಲ್ಲ. ಭಾವಗೂ ಹೇಳ್ತೀನಿ, ಗೋದಾಮಿಗೆ ಬರಂಗಿಲ್ಲ ಅಂತ."

"ಎದಿ?"

"ನಡುಗಲಿ. ನಡುಗಿಕೋಂತನ ಹಾಡ್ತೀನಿ. ನೀವು ಎದುರಿಗೆ ಇದ್ರ ಸಾಕು."

"ಎಲ್ಲೀ ತನಕ ಇರಲಿ?"

"ಈಗ ಈ ಸಾಲು ಮುಗಿಯೂ ತನಕ ಕೂಡ ಬರ್ರಿ. ನಾಳೆ ನಿಮ್ಮಪ್ಪನ ಮುಂದ ಬಂದು ಉಳದದ್ದ ಕೇಳ್ತೀನಿ."

ಸುಮಂಗಲಾ ಅವನನ್ನೇ ನೋಡಿದಳು. ಸಿಟ್ಟಿರಲಿಲ್ಲ, ಆದರೂ ಕಣ್ಣು ಬಹಳ ದೊಡ್ಡವಾಗಿದ್ದವು.

"ನಡೀ," ಎಂದಳು. ಅಷ್ಟು ದಿನದ ಬಹುವಚನವನ್ನು ಅವಳು ಒಂದೇ ಮಾತಿಗೆ ಕಳಚಿಟ್ಟಿದ್ದಳು. ಅವನ ಎಡಗೆನ್ನೆ ಕುಳಿ ಬಿತ್ತು.

ಇಬ್ಬರೂ ಸಾಲಿನ ಸಂದಿಯಲ್ಲಿ ನಡೆದರು. ಅವಳು ಕಣ್ಣಲ್ಲೇ ತೋರಿಸುತ್ತಿದ್ದಳು, ಅವನು ಬಾಗಿ ಕೊಡುತ್ತಿದ್ದ. ಕೆಲವರು ನಕ್ಕು ಇಸಿದುಕೊಂಡರು, ಕೆಲವರು ಮುಖ ಸಿಂಡರಿಸಿದರು. ಕಾಖಂಡಕಿಯಿಂದ ಬಂದ ಹೆಂಗಸೊಬ್ಬಳು "ಇರಲಿ ಬಿಡಪಾ, ಚಂದ ಹಾಡಿದಿ" ಎಂದು ನೋಟನ್ನು ಹಿಂದಕ್ಕೆ ನೂಕಿದಳು. ಅವನು ಕೈಮುಗಿದು ಅವಳ ಪಕ್ಕದಲ್ಲೇ ಇಟ್ಟು ಮುಂದೆ ಸರಿದ.

ಕೊನೆಗೆ ಉಳಿದವನು ಸತೀಶಕುಮಾರ. ದನಿ ಇಲ್ಲದ ಮೈಕನ್ನು ಇನ್ನೂ ಹಿಡಿದುಕೊಂಡೇ ನಿಂತಿದ್ದ. ಜಗಳಕ್ಕೆ ಸಿದ್ಧವಾಗಿದ್ದ ಬಾಯಿ ಅರ್ಧ ತೆರೆದಿತ್ತು. ಸುಮಂಗಲಾ ಅವನ ಕೈಯಿಂದ ಮೈಕು ತೆಗೆದುಕೊಂಡಳು. ಬರಿದಾದ ಆ ಅಂಗೈಯಲ್ಲಿ ಸಂಗನಬಸವ ಐದುನೂರರ ನೋಟನ್ನು ಮಡಚಿ ಇಟ್ಟ.